ಅಡ್ಡ ಬಿದ್ದ ಗುಂಡು

ಚೆನ್ನಪ್ಪನ ಮರಗೆಣಸಿನ ಗದ್ದೆಯ ಆಚೆ ಬದಿಯಲ್ಲಿ ಕಿವಿ ಹರಿದ ಕಾಡುಹಂದಿ ಅಡ್ಡಲಾಗಿ ನಿಂತಿತ್ತು. ಅದರ ಹಿಂದೆ ಎತ್ತರದ ಮಣ್ಣಿನ ದರೆ. ಇದಕ್ಕಿಂತ ಸುಲಭದ ಗುರಿ ಯಾರಿಗೂ ಸಿಗುವುದಿಲ್ಲ. ಗೌತಮಿ ಉಸಿರು ಹಿಡಿದು ರೈಫಲಿನ ಕುದುರೆ ಒತ್ತಿದಳು. ಸದ್ದಿಗೆ ಕೊಕ್ಕರೆಗಳೆಲ್ಲ ಒಟ್ಟಿಗೆ ಎದ್ದವು. ಗುಂಡು ಹಂದಿಯ ಬೆನ್ನಿಗಿಂತ ಎರಡು ಗೇಣು ಮೇಲೆ ದರೆಗೆ ಬಡಿದು ಕೆಂಪು ಮಣ್ಣು ಹಾರಿಸಿತು. ಹಂದಿ ಬೇಲಿಯನ್ನೇ ಕಿತ್ತುಕೊಂಡು ಓಡಿತು.

“ಹೋಯ್ತಲ್ಲ ಡಾಕ್ಟ್ರೇ!” ಚೆನ್ನಪ್ಪ ತಲೆಗೆ ಕೈಯಿಟ್ಟ.

ಗೌತಮಿಗೆ ಮುಖ ಎತ್ತಲಾಗಲಿಲ್ಲ. ನಾಯ್ಮಾರ್ಮೂಲೆಯಲ್ಲಿ ಅವಳದು ಹಲ್ಲಿನ ಕ್ಲಿನಿಕ್. ಕಾಲೇಜಿನಲ್ಲಿರುವಾಗ ಶೂಟಿಂಗಿನಲ್ಲಿ ಪದಕ ಗೆದ್ದವಳು. ಅಪ್ಪ ತೀರಿಕೊಂಡ ಮೇಲೆ ಅವರ ಹಳೆಯ ಬೇಟೆ ರೈಫಲಿನ ಲೈಸೆನ್ಸು ಅವಳ ಹೆಸರಿಗೆ ಬಂದಿತ್ತು. ಬೆಳೆ ಹಾಳುಮಾಡುವ ಹಂದಿಗಳನ್ನು ಹೊಡೆಯಲು ಪಂಚಾಯತಿನವರು ಅವಳಿಗೂ ಸ್ಪೇರ್‌ಪಾರ್ಟ್ಸ್ ಅಂಗಡಿಯ ಸುಧೀರನಿಗೂ ಅನುಮತಿ ಕೊಟ್ಟಿದ್ದರು. ಇದೇ ಹಂದಿ ಹಿಂದಿನ ವಾರ ಹಾಲಿನ ಸೊಸೈಟಿಯ ಮೋಕ್ಷಿತಾಳ ಸ್ಕೂಟರಿಗೆ ಅಡ್ಡ ನುಗ್ಗಿ ಅವಳ ಕಾಲು ಮುರಿದಿತ್ತು. ಹಾಗಾಗಿ ಗುರಿ ತಪ್ಪಿದ್ದು ಬರೀ ನಾಚಿಕೆಯ ಮಾತಾಗಿರಲಿಲ್ಲ. ಆ ಪ್ರಾಣಿ ಇನ್ನೂ ದಾರಿಯಲ್ಲೇ ತಿರುಗುತ್ತಿತ್ತು.

ಭಾನುವಾರ ಅವಳು ರೈಫಲ್ ತೆಗೆದುಕೊಂಡು ಶೂಟಿಂಗ್ ಕ್ಲಬ್ಬಿಗೆ ಹೋದಳು. ಕ್ಲಬ್ಬಿನ ರೇಂಜ್ ಇದ್ದದ್ದು ಕೆಲಸ ನಿಲ್ಲಿಸಿದ ಕೆಂಪುಕಲ್ಲಿನ ಕೋರೆಯೊಂದರಲ್ಲಿ. ಮರಳಿನ ಚೀಲದ ಮೇಲೆ ನಳಿಗೆ ಇಟ್ಟು, ಅವಸರ ಮಾಡದೆ ಹೊಡೆದಳು. ಒಂದು ಗುಂಡು ಎಡಕ್ಕೆ, ಇನ್ನೊಂದು ಮೇಲಕ್ಕೆ, ಮತ್ತೊಂದು ಗುರಿ ಬರೆದ ಕಾಗದದ ಅಂಚಿಗೆ.

“ನಳಿಗೆ ಸವೆದು ಹೋಗಿದೆ. ಅಪ್ಪನ ನೆನಪಿಗೆ ಅಂತ ಇಟ್ಕೊಳ್ಳಿ, ಹಂದಿಗೆ ನನ್ನ ರೈಫಲ್ ಉಂಟಲ್ಲ” ಎಂದ ಸುಧೀರ. ಅವನದು ಹೊಸದು, ಮೇಲೆ ದುರ್ಬೀನು ಬೇರೆ.

ಗೌತಮಿ ಕಾಗದದ ಹತ್ತಿರ ಹೋದಳು. ಹೋದವಳು ಅಲ್ಲೇ ನಿಂತುಬಿಟ್ಟಳು.

“ಸುಧೀರ್, ಬನ್ನಿ ಇಲ್ಲಿ! ಈ ತೂತು ನೋಡಿ!”

ತೂತು ದುಂಡಗಿರಲಿಲ್ಲ. ಗುಂಡು ಮಲಗಿಕೊಂಡೇ ಕಾಗದವನ್ನು ಹಾದುಹೋದಂತೆ ಉದ್ದಕ್ಕೆ ಸೀಳಿತ್ತು. ಒಂದು ಬದಿ ಚೂಪು, ಇನ್ನೊಂದು ಬದಿ ಬೋಳು. ಗುಂಡಿನ ಪೂರ್ತಿ ಆಕಾರವೇ ಕಾಗದದಲ್ಲಿ ಮೂಡಿತ್ತು.

“ಗುಂಡು ಗಾಳಿಯಲ್ಲಿ ಪಲ್ಟಿ ಹೊಡೀತಾ ಉಂಟು. ತಿರುಗುವ ವೇಗ ಸಾಲದ ಬುಗುರಿಯ ಹಾಗೆ!” ಅವಳ ದನಿ ಏರಿತು. “ಅಪ್ಪನ ಹಳೇ ಕಾಡತೂಸು ಮುಗಿಯುವ ತನಕ ಇದು ಎಂದಾದರೂ ತಪ್ಪಿದ್ದುಂಟಾ? ತಪ್ಪಲು ಶುರುವಾದದ್ದು ಹೊಸ ಪೆಟ್ಟಿಗೆ ತಂದ ಮೇಲೆ.”

“ಎರಡೂ ಒಂದೇ ಸೈಜಿನದ್ದಲ್ಲವಾ?”

“ದಪ್ಪ ಒಂದೇ. ಭಾರ? ಉದ್ದ?”

ನಳಿಗೆಯ ಒಳಗೋಡೆಯಲ್ಲಿ ಸುರುಳಿಯಾಗಿ ಗೀರುಗಳಿರುತ್ತವೆ. ಅವು ಗುಂಡನ್ನು ಗಿರಗಿರನೆ ತಿರುಗಿಸಿ ಹೊರಗೆ ಕಳಿಸುತ್ತವೆ. ಗುಂಡು ಉದ್ದವಾದಷ್ಟೂ ಅದು ಹೆಚ್ಚು ಬಿರುಸಾಗಿ ತಿರುಗಬೇಕು. ಇದು ಗೌತಮಿಗೆ ಗೊತ್ತಿದ್ದ ಸಂಗತಿಯೇ. ಆದರೆ ಅಪ್ಪನ ರೈಫಲಿನ ಸುರುಳಿ ಎಷ್ಟು ಬಿಗಿ ಎಂದು ಅಳೆಯಬೇಕೆಂದು ಇದುವರೆಗೆ ಹೊಳೆದಿರಲಿಲ್ಲ.

ಅಲ್ಲೇ ಮೇಜಿನ ಮೇಲೆ ರೈಫಲ್ ಖಾಲಿ ಮಾಡಿ, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ಕಳಚಿಟ್ಟರು. ನಳಿಗೆ ಒರೆಸುವ ಸಲಾಕೆಯ ತುದಿಗೆ ಬಟ್ಟೆ ಬಿಗಿಯಾಗಿ ಸುತ್ತಿ ಒಳಗೆ ತೂರಿಸಿದಳು. ಹಿಡಿ ಹಿಡಿದಿದ್ದರೂ ಸಲಾಕೆ ತಾನಾಗಿ ತಿರುಗುವಂಥದ್ದು. ಸಲಾಕೆಯ ಮೇಲ್ಭಾಗಕ್ಕೆ ಪೆನ್ನಿನಿಂದ ಗುರುತು ಹಾಕಿ ಮೆಲ್ಲಗೆ ಒಳಕ್ಕೆ ದೂಡಿದಳು. ಗುರುತು ಬದಿಗೆ ಸರಿಯಿತು, ಕೆಳಗೆ ಹೋಯಿತು. ಸುಧೀರ ಟೇಪು ಹಿಡಿದು ಬಗ್ಗಿದ್ದ. ಗುರುತು ಪೂರ್ತಿ ಸುತ್ತಿ ಮತ್ತೆ ಮೇಲಕ್ಕೆ ಬಂದಾಗ ಅವನೇ ಕೂಗಿದ: “ಹನ್ನೆರಡು ಇಂಚು! ನನ್ನದು ಒಂಬತ್ತಕ್ಕೇ ಒಂದು ಸುತ್ತು ಹಾಕ್ತದೆ ಮಾರಾಯ್ರೆ!”

“ನೋಡಿದ್ರಾ! ನಿಮ್ಮ ರೈಫಲಿಗೆ ಹೇಳಿ ಮಾಡಿಸಿದ ಉದ್ದದ ಗುಂಡನ್ನು ನಾನು ಇದಕ್ಕೆ ತುಂಬಿಸ್ತಾ ಇದ್ದೆ. ನಳಿಗೆಗೆ ಎಂತದೂ ಆಗಲಿಲ್ಲ!”

ಅವಳಿಗೆ ಕುಣಿಯಬೇಕೆನಿಸಿತು. ಸೋಮವಾರ ಬೆಳಗ್ಗೆ ಮಂಗಳೂರಿನ ಗನ್ ಅಂಗಡಿಗೆ ಫೋನು ಮಾಡಿದಳು. “ಹಗುರದ್ದು, ಗಿಡ್ಡ ಗುಂಡಿಂದು, ಬೇಟೆಯದ್ದೇ ಉಂಟಾ?”

“ಉಂಟು ಮೇಡಂ. ಕೇಳುವವರಿಲ್ಲದೆ ಮೂಲೆಯಲ್ಲಿ ಬಿದ್ದಿದೆ.”

“ಯಾರಿಗೂ ಕೊಡ್ಬೇಡಿ, ಬಂದೆ!”

ಮಧ್ಯಾಹ್ನದ ಅಪಾಯಿಂಟ್‌ಮೆಂಟುಗಳನ್ನೆಲ್ಲ ಮುಂದಕ್ಕೆ ಹಾಕಿ ಕಾರು ಹತ್ತಿದಳು. ಮಂಜೇಶ್ವರದ ಹತ್ತಿರ ಹೈವೇ ಕೆಲಸದವರು ದಾರಿ ತಡೆದಾಗ ಸ್ಟಿಯರಿಂಗಿನ ಮೇಲೆ ಬೆರಳು ಕುಟ್ಟುತ್ತ ಕೂತಳು. ಮರಳಿ ಬರುವಾಗ ಮನೆಗೂ ಹೋಗದೆ ಸೀದಾ ಕೋರೆಗೆ ಬಂದಳು. ಸುಧೀರ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಕ್ಲಬ್ಬಿನ ಲಾಕರಿನಿಂದ ಅವಳ ರೈಫಲ್ ತೆಗೆಸಿಕೊಂಡು ಕಾಯುತ್ತಿದ್ದ.

“ಇಷ್ಟು ಹಗುರದ ಗುಂಡಿಗೆ ಹಂದಿ ಬೀಳ್ತದಾ?”

“ನೆಟ್ಟಗೆ ಹೋಗಿ ಸರಿಯಾದ ಜಾಗಕ್ಕೆ ತಾಗಿದರೆ ಬೀಳ್ತದೆ. ಭಾರದ್ದು ಅಡ್ಡಡ್ಡ ಹೋದರೆ ಎಂತ ಬಂತು?”

ಹೊಡೆದಳು. ನಿಲ್ಲಿಸಿ, ಉಸಿರು ಬಿಟ್ಟು, ಮತ್ತೆ ಹೊಡೆದಳು. ಮೂರನೆಯದಕ್ಕೆ ಮೊದಲೇ ಸುಧೀರ ದುರ್ಬೀನಿಗೆ ಕಣ್ಣಿಟ್ಟು “ಅಯ್ಯೋ, ಅಯ್ಯೋ” ಎನ್ನತೊಡಗಿದ್ದ. ಕಾಗದದ ನಡುವೆ ಮೂರೂ ತೂತುಗಳು ದುಂಡಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಮೂರನ್ನೂ ಒಂದು ರೂಪಾಯಿ ನಾಣ್ಯದಿಂದ ಮುಚ್ಚಬಹುದಿತ್ತು. ಗೌತಮಿ ಆ ಕಾಗದ ಹಿಡಿದುಕೊಂಡು ಕೋರೆಯ ತುಂಬ ಓಡಿದಳು, ನಲವತ್ತು ದಾಟಿದ ಡಾಕ್ಟರಮ್ಮ ಎನ್ನುವುದನ್ನೂ ಮರೆತು.

ಗುರುವಾರ ಸಂಜೆ, ಬೆಳಕಿರುವಾಗಲೇ, ಚೆನ್ನಪ್ಪನ ಫೋನು ಬಂತು. “ಬಂದಿದೆ ಡಾಕ್ಟ್ರೇ. ಅದೇ, ಕಿವಿ ಹರಿದದ್ದು. ಬೇಗ!”

ಮರಗೆಣಸಿನ ಎಲೆಗಳು ಅಲುಗುತ್ತಿದ್ದವು. ಗದ್ದೆಯ ಬದುವಿನಲ್ಲಿ ಗೌತಮಿ ಬೋರಲು ಮಲಗಿದಳು. ಸುಧೀರ ಪಕ್ಕದಲ್ಲಿ ತನ್ನ ರೈಫಲಿನೊಂದಿಗೆ ಸಿದ್ಧನಾಗಿದ್ದ. ಹಂದಿ ಸಾಲಿನಿಂದ ಹೊರಗೆ ಬಂತು, ಆದರೆ ಅದರ ಮುಖ ಇವಳ ಕಡೆಗೇ ಇತ್ತು. ಕಾದಳು. ಅದು ಮೂಸಿತು, ಒಂದು ಹೆಜ್ಜೆ ಮುಂದಿಟ್ಟಿತು, ಮತ್ತೊಂದು.

“ಹೊಡೀರಿ,” ಸುಧೀರ ಪಿಸುಗುಟ್ಟಿದ.

“ಹಿಂದೆ ದರೆ ಇಲ್ಲ, ತಪ್ಪಿದರೆ ಗುಂಡು ಎಲ್ಲಿಗೋ ಹೋಗ್ತದೆ. ತಡೀರಿ.”

ಗೆಣಸಿನ ವಾಸನೆಗೋ ಏನೋ ಹಂದಿ ಕೊನೆಗೂ ಎಡಕ್ಕೆ ಹೊರಳಿತು. ಮುಂಗಾಲಿನ ಹಿಂಬದಿ ಈಗ ತೆರೆದು ಕಾಣುತ್ತಿತ್ತು, ಅದರ ಹಿಂದೆ ಮಣ್ಣಿನ ಗೋಡೆ. ಗೌತಮಿ ಕುದುರೆ ಒತ್ತಿದಳು.

ಹಂದಿ ಮೊಣಕಾಲೂರಿತು, ಪಕ್ಕಕ್ಕೆ ವಾಲಿತು. ಮತ್ತೆ ಏಳಲಿಲ್ಲ.

“ಬಿತ್ತು! ಬಿತ್ತು ಮಾರಾಯ್ರೆ!” ಸುಧೀರ ಅವಳ ಬೆನ್ನಿಗೆ ಬಡಿದ. ಚೆನ್ನಪ್ಪ ಸೊಂಟದ ಬೈರಾಸು ಟವೆಲು ಬಿಚ್ಚಿ ಬೀಸುತ್ತ ಅಂಗಳದಿಂದ ಓಡಿ ಬಂದ. ಅರಣ್ಯ ಇಲಾಖೆಯವರು ಬಂದು ನೋಡಿ ಬರೆದುಕೊಂಡರು. ನಿಯಮದಂತೆ ಹೂಳಲು ಗುಂಡಿ ತೋಡುವ ಕೆಲಸ ಶುರುವಾಯಿತು.

ಚೆನ್ನಪ್ಪನ ಹೆಂಡತಿ ಸುಂದರಿ ಚಹಾ ತಂದುಕೊಟ್ಟಳು. ಲೋಟ ಹಿಡಿದ ಮೇಲೆಯೇ ಗೌತಮಿಯ ಕೈ ನಡುಗತೊಡಗಿದ್ದು. ಅರ್ಧ ಚಹಾ ಸೀರೆಗೆ ಚೆಲ್ಲಿತು.

“ಇದೇ ಕೈಯಲ್ಲಾ ಡಾಕ್ಟ್ರೇ, ಹಲ್ಲು ಕೀಳುವುದು?” ಎಂದಳು ಸುಂದರಿ.

ಗೌತಮಿಗೆ ನಗು ತಡೆಯಲಾಗಲಿಲ್ಲ. ಬದುವಿನ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಉಳಿದ ಚಹಾ ಕುಡಿದು ಮುಗಿಸುವಾಗ ಅದು ತಣ್ಣಗಾಗಿತ್ತು.