ಭಾಲ್ಕಿಯ ಕರಿ ಮೋಟಾರು

ಔರಾದ ದಾರಿಯಲ್ಲಿ ನಮ್ಮ ದವಾಖಾನೆಯ ಮೋಟಾರು ಹಳ್ಳಕ್ಕೆ ಉರುಳಿದ ಮೇಲೆ ನನಗೆ ಎರಡು ಕೆಲಸ ಗಂಟುಬಿದ್ದವು. ಒಂದು, ಬೇರೆ ಮೋಟಾರು ಹುಡುಕುವುದು. ಇನ್ನೊಂದು, ಮೋಟಾರೆಂದರೆ ನಡುಗುವ ನನ್ನ ಕಾಲುಗಳನ್ನು ಸೀರೆಯ ನೆರಿಗೆಯಲ್ಲಿ ಮುಚ್ಚಿಟ್ಟುಕೊಳ್ಳುವುದು. ಬೀದರದ ಮಿಶನ್ ದವಾಖಾನೆಯ ನರ್ಸ್ ಎಸ್ತರ ಅಂದರೆ ಗಟ್ಟಿಗಿತ್ತಿ ಎಂದು ಹೆಸರಿತ್ತು. ಆ ಹೆಸರು ಉಳಿಸಿಕೊಳ್ಳುವುದೇ ದೊಡ್ಡ ಪಾಡು.

ಹಿಂದುಸ್ತಾನದ ಲಷ್ಕರ ಬಂದು ನಿಜಾಮರ ಆಳ್ವಿಕೆ ಮುಗಿದಿತ್ತು. ದೀಪಾವಳಿ ಆಗಷ್ಟೇ ಕಳೆದಿತ್ತು. ಮಾಲೀಕರು ಓಡಿಹೋಗಿ ಎಷ್ಟೋ ಮೋಟಾರುಗಳು ದಿಕ್ಕಿಲ್ಲದೆ ನಿಂತಿದ್ದವು. ಬೀದರದಲ್ಲಿ ಮೊದಲು ನೋಡಿದ್ದರ ಸೀಟಿನಲ್ಲಿ ಕೋಳಿ ಕಾವಿಗೆ ಕುಳಿತಿತ್ತು. ಎರಡನೆಯದರಲ್ಲಿ ಎಲ್ಲ ಇತ್ತು, ಇಂಜಿನ್ ಒಂದನ್ನು ಬಿಟ್ಟು. ನಮ್ಮ ಡ್ರೈವರ್ ಯೇಸಪ್ಪ, ಮುರಿದ ಕೈಗೆ ಕಟ್ಟಿದ್ದ ಪಟ್ಟಿ ಆಗತಾನೇ ಬಿಚ್ಚಿಸಿಕೊಂಡವನು, ಅದರ ಬಾನೆಟ್ ಮುಚ್ಚಿ, "ಇದಕ್ಕ ಎತ್ತು ಹೂಡಬೇಕ್ರಿ ಬಾಯಿ," ಅಂದ.

ನನಗೆ ನಗು ಬರಲಿಲ್ಲ. ಭಾಲ್ಕಿ ಕಡೆಯ ಮೆಹಕರ ಹಳ್ಳಿಯ ಸಖುಬಾಯಿಗೆ ದಿನ ತುಂಬುತ್ತಿದ್ದವು. ಆಕೆಯ ಮೊದಲ ಕೂಸು ಭಾಲ್ಕಿಗೆ ಬರುವ ದಾರಿಯಲ್ಲಿ, ಎತ್ತಿನ ಬಂಡಿಯಲ್ಲೇ ಹೋಗಿತ್ತು. ಗಂಡ ಧೊಂಡಿಬಾನನ್ನು ಆಷಾಢದಲ್ಲಿ ನಿಜಾಮರ ಕಡೆಯ ರಜಾಕಾರರು ಹಿಡಿದೊಯ್ದಿದ್ದರು. ಅವನು ತಿರುಗಿ ಬಂದಿರಲಿಲ್ಲ. ಈ ಸಲ ನಾನೇ ಮೋಟಾರು ತಂದು ಕರೆದೊಯ್ಯುತ್ತೇನೆ ಎಂದು ಅವಳ ಅತ್ತೆ ಕಾಂತಾಬಾಯಿಗೆ ಮಾತು ಕೊಟ್ಟಿದ್ದೆ.

ಭಾಲ್ಕಿ ಸ್ಟೇಶನ್ನಿನ ಹತ್ತಿರ ಬೇಳೆಕಾಳಿನ ವ್ಯಾಪಾರಿ ಅಬ್ದುಲ ಅಜೀಜರ ಮೋಟಾರು ಇದೆ ಎಂದು ಸುದ್ದಿ ಬಂತು. ಹೋದೆವು. ಗೋದಾಮಿನ ಮೂಲೆಯಲ್ಲಿ, ಗೋಣಿಚೀಲ ಹೊದಿಸಿದ ದೊಡ್ಡ ಕರಿ ಮೋಟಾರು. ಅಜೀಜರು ಬಾಗಿಲಿನಿಂದ ಹೊರಗೆ ಕಾಲಿಡಲೇ ಇಲ್ಲ. ಬೀದಿಯಲ್ಲಿ ಯಾರಾದರೂ ಕೆಮ್ಮಿದರೂ ಮಾತು ನಿಲ್ಲಿಸುತ್ತಿದ್ದರು.

"ಸುಳ್ಳು ಹೇಳಂಗಿಲ್ಲ ಬಾಯಿ. ಹೋದ ವರ್ಷ ರಜಾಕಾರರು ಬಂದು ಕೀಲಿ ಕಸಗೊಂಡ್ರು. ಇಲ್ಲ ಅಂದಿದ್ರ ನನ್ನೇ ಗೋಡಿಗಿ ನಿಲ್ಲಸ್ತಿದ್ರು. ಈಗ ಅವರು ಓಡಿಹೋದ್ರು, ಗಾಡಿ ನನ್ನ ಬಾಗಲಿಗಿ ಬಂತು. ಮಂದಿ ಗಾಡಿ ನೋಡ್ತಾರ, ಆಮ್ಯಾಲ ನನ್ನ ಮಾರಿ ನೋಡ್ತಾರ. ಮನ್ಯಾಗ ಹೆಣ್ಮಕ್ಕಳು ಅದಾರ. ನೀವು ಕೊಟ್ಟಷ್ಟು ಕೊಡ್ರಿ, ಮೊದಲು ಒಯ್ರಿ."

ಅವರ ಗಡ್ಡ ನಡುಗುತ್ತಿತ್ತು. ಆದರೂ ನಾನು ಗಟ್ಟಿಗಿತ್ತಿಯಲ್ಲವೇ, "ಕಬ್ಬಿಣಕ್ಕೆಲ್ಲಿ ಪಾಪರಿ ಅಜೀಜಸಾಹೇಬ್ರ? ಫಿನಾಯಿಲ್ ಹಾಕಿ ತೊಳದ್ರ ಆತು," ಅಂದೆ.

ಯೇಸಪ್ಪ ಇಂಜಿನ್ ಹಚ್ಚಿದ. ಹೊಗೆ ಹೋಗುವ ಕೊಳವೆ ಒಡೆದಿತ್ತೋ ಏನೋ, ಗೋದಾಮೇ ಗುಡುಗಿತು. "ಹಾಡ್ತದ ಖರೆ, ಓಡ್ತದೇನು ನೋಡೋಣ. ಮೆಹಕರ ರಸ್ತಾ ತಾಳಿಕೊಂಡ್ರ ಎಲ್ಲಾ ತಾಳ್ಕೋತದ," ಅಂದ. ಸಖುಬಾಯಿಯನ್ನೂ ನೋಡಿದಂತಾಗುತ್ತದೆ ಎಂದು ಹತ್ತಿದೆ. ದಾರಿಯುದ್ದಕ್ಕೂ ಬಾಗಿಲಿನ ಹಿಡಿಕೆಯನ್ನು ಬಿಡಲಿಲ್ಲ. ತಗ್ಗು ಬಂದಾಗಲೆಲ್ಲ ಔರಾದದ ಹಳ್ಳವೇ ಬಾಯಿ ತೆರೆದಂತಾಗಿ ಕಣ್ಣು ಮುಚ್ಚುತ್ತಿದ್ದೆ.

ಊರು ಇನ್ನೂ ದೂರವಿದ್ದಾಗ ಒಬ್ಬ ಕುರುಬ ಕುರಿಗಳನ್ನು ನಡುದಾರಿಯಲ್ಲೇ ಬಿಟ್ಟು ತೊಗರಿ ಹೊಲಕ್ಕೆ ಹಾರಿದ. ಹುಚ್ಚನೇನೋ ಎಂದುಕೊಂಡೆ. ಬಾವಿಕಟ್ಟೆಯ ಮೇಲೆ ಕೊಡಗಳು ಉರುಳಿ ಬಿದ್ದಿದ್ದವು, ನೀರಿಗೆ ಬಂದವರು ಒಬ್ಬರೂ ಇರಲಿಲ್ಲ. ಓಣಿಯೊಳಗೆ ಹೋದರೆ ಎಲ್ಲ ಬಾಗಿಲೂ ಮುಚ್ಚಿದ್ದವು. ಯಾರ ಮನೆಯಲ್ಲೋ ರೊಟ್ಟಿ ಸೀದು ಕರಕಾಗುತ್ತಿತ್ತು. ಈ ಊರಿನ ಅರ್ಧ ಮಕ್ಕಳನ್ನು ಹುಟ್ಟುವಾಗ ಈ ಕೈಯಲ್ಲೇ ಹಿಡಿದಿದ್ದೇನೆ. ಅಂಥ ಊರು ನನ್ನನ್ನು ಕಂಡು ಸತ್ತಂತೆ ಬಿದ್ದಿತ್ತು.

ಕಾಂತಾಬಾಯಿಯ ಮನೆ ಮಾತ್ರ ತೆರೆದಿತ್ತು. ಒಲೆ ಉರಿಯುತ್ತಿತ್ತು, ಮಂದಿ ಇಲ್ಲ. ಅಂಗಳದಲ್ಲಿ ನಿಂತು ಕೂಗಿದೆ: "ಕಾಂತಾಬಾಯಿ! ನಾನ್ರಿ, ದವಾಖಾನಿ ಎಸ್ತರ!" ನನ್ನ ದನಿ ನನಗೇ ಕೇಳಲಿಲ್ಲ. ನಿಲ್ಲಿಸಿದರೆ ಮತ್ತೆ ಹತ್ತುತ್ತದೋ ಇಲ್ಲವೋ ಎಂದು ಯೇಸಪ್ಪ ಇಂಜಿನ್ ಹಚ್ಚಿಯೇ ಇಟ್ಟಿದ್ದ. ಆ ಗುಡುಗಿನ ನಡುವೆ ನನಗೆ ತಟ್ಟನೆ ಹೊಳೆಯಿತು. ಇವರು ಹೆದರಿದ್ದು ನನಗಲ್ಲ. ಈ ಸದ್ದು ಇವರಿಗೆ ಗೊತ್ತು.

"ಯೇಸಪ್ಪಾ, ಗಾಡಿ ತಗೊಂಡು ಊರ ಹೊರಗ ಹೋಗು!"

"ನಿಮ್ಮನ್ನೊಬ್ಬಾಕಿನ್ನ ಬಿಟ್ಟು ಹ್ಯಾಂಗ ಹೋಗ್ಲಿರಿ? ಯಾರರ ಕಲ್ಲು ಒಗದ್ರ?"

"ಹೋಗು ಅಂದೆ!"

ಅವನು ಹೋದ. ಸದ್ದು ಸಣ್ಣದಾಗುತ್ತ ಹೋದಂತೆ ನನ್ನ ಧೈರ್ಯವೂ ಅದರ ಹಿಂದೆಯೇ ಹೋಯಿತು. ಪ್ರತಿ ಕಿಂಡಿಯಿಂದಲೂ ಯಾರೋ ನೋಡುತ್ತಿದ್ದರು, ನನಗೆ ಯಾರೂ ಕಾಣುತ್ತಿರಲಿಲ್ಲ. ಪ್ರಾರ್ಥನೆಯ ಮೊದಲ ಸಾಲೂ ನೆನಪಾಗಲಿಲ್ಲ.

ಆಗ ಬಣವೆಯ ಹಿಂದಿನಿಂದ ಕಾಂತಾಬಾಯಿ ಓಡಿ ಬಂದಳು. ನನ್ನ ಮುಖವನ್ನೂ ನೋಡದೆ, ನಾನು ನಿಂತಿದ್ದ ಕಡೆಯ ಹುಲ್ಲನ್ನು ಎರಡೂ ಕೈಯಿಂದ ಗೋರತೊಡಗಿದಳು. "ಸರೀರಿ! ಸಖು ಕೆಳಗ ಅದಾಳ್ರಿ!"

ಹುಲ್ಲಿನ ಕೆಳಗೆ ಚಪ್ಪಡಿ. ಅದರ ಕೆಳಗೆ ಜೋಳ ತುಂಬಿಡುವ ಹಗೇವು. ಓಡಲಾರದ ಬಸುರಿಯನ್ನು ಅದರಲ್ಲಿ ಇಳಿಸಿ, ಮುಚ್ಚಿ, ಮೇಲೆ ಹುಲ್ಲು ಹರಡಿದ್ದರು. ಬಹಳ ದಿನ ಮುಚ್ಚಿದ ಹಗೇವಿನಲ್ಲಿ ಗಾಳಿ ಸತ್ತಿರುತ್ತದೆ. ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಇಳಿಯಬೇಕು ಎನ್ನುವುದು ಅಲ್ಲಿನ ಮಕ್ಕಳಿಗೂ ಗೊತ್ತು. ಅಂಜಿಕೆಯಲ್ಲಿ ದೀಪ ಯಾರಿಗೆ ನೆನಪಾಗುತ್ತದೆ? ಆ ಸದ್ದು ಬಂದದ್ದು ನನ್ನಿಂದ. ಅವಳ ತಲೆಯ ಮೇಲೆ ನಿಂತು ಅವಳ ಅತ್ತೆಯನ್ನು ಕೂಗುತ್ತಿದ್ದವಳೂ ನಾನೇ.

ಅಕ್ಕಪಕ್ಕದವರು ಬಂದರು. ಚಪ್ಪಡಿ ಎತ್ತಿದಾಗ ಹಳಸಿದ ಬಿಸಿಯೊಂದು ಮುಖಕ್ಕೆ ಬಡಿಯಿತು. ಸಖುಬಾಯಿಯ ಕೈಗಳು ಹಗೇವಿನ ಬಾಯಿಯವರೆಗೆ ಚಾಚಿಕೊಂಡೇ ಇದ್ದವು. ರಟ್ಟೆ ಹಿಡಿದು ಎಳೆದೆವು. ತುಟಿ ನೀಲಿಗಟ್ಟಿತ್ತು. ಕುಪ್ಪಸ ಸಡಿಲಿಸಿ, ಉಸಿರು ಬರಲೆಂದು ಕೈಗಳನ್ನು ಎತ್ತಿ ಇಳಿಸಿ, ಬೇಡ ಕರ್ತನೇ ಬೇಡ ಎನ್ನುತ್ತ ಕುಳಿತೆ. ಕೊನೆಗೆ ಕೆಮ್ಮಿದಳು.

"ಹೋದ್ರೇನು?" ಅಂದಳು.

ಹೂಂ ಅನ್ನುವುದರೊಳಗೆ ನೀರೊಡೆಯಿತು, ಜೊತೆಗೆ ರಕ್ತ. ಬಂಡಿಯಲ್ಲಿ ಹೋದರೆ ಇಬ್ಬರೂ ಉಳಿಯುವುದಿಲ್ಲ. ಇದ್ದದ್ದು ಒಂದೇ ದಾರಿ, ಆ ಮೋಟಾರು. ಯೇಸಪ್ಪನನ್ನು ಕರೆತರಲು ಒಬ್ಬ ಹುಡುಗನನ್ನು ಓಡಿಸಿದೆ.

ಸಖುಬಾಯಿ ಉಳಿದಳು, ಕೂಸೂ ಉಳಿಯಿತು. ಅದನ್ನು ಈಗಲೇ ಹೇಳಿಬಿಡುತ್ತೇನೆ, ಕೇಳುವವರ ಜೀವ ಹಿಂಡುವುದು ನನ್ನಿಂದಾಗದು. ಮೋಟಾರನ್ನೂ ಕೊಂಡೆವು. ಕೊಳವೆ ಬದಲಿಸಿ, ಬಿಳಿ ಬಣ್ಣ ಬಳಿಸಿದೆವು. ಆದರೆ ಆ ಮಧ್ಯಾಹ್ನ ಸಖುಬಾಯಿಯನ್ನು ಅದರೊಳಗೆ ಕೂಡಿಸಿದ್ದು ನಾನಲ್ಲ.

ಯೇಸಪ್ಪ ಗಾಡಿ ತಂದು ನಿಲ್ಲಿಸಿದಾಗ ಅವಳು ನೆಲವನ್ನೇ ಪರಚಿ ಹಿಡಿದುಕೊಂಡಳು. "ಒಲ್ಲೆ! ಅವರನ್ನ ಇದರಾಗೇ ಒಯ್ದಾರ. ನಾ ಇಲ್ಲೇ ಸಾಯ್ತೇನಿ, ಇದರಾಗ ಒಲ್ಲೆ!" ನಾವು ನಾಲ್ವರು ಹಿಡಿದರೂ ಎಬ್ಬಿಸಲಾಗಲಿಲ್ಲ.

ಕಾಂತಾಬಾಯಿ ಎದ್ದಳು. ಅವಳ ಕಾಲುಗಳು ನನ್ನ ಕಾಲಿಗಿಂತ ಹೆಚ್ಚು ನಡುಗುತ್ತಿದ್ದವು. ಮೋಟಾರಿನ ಹತ್ತಿರ ಹೋಗಿ ಹಿಂದಿನ ಬಾಗಿಲು ತೆರೆದಳು. ತಲೆ ಒಳಗೆ ಹಾಕಿ, ಖಾಲಿ ಸೀಟಿನ ಮೇಲೆ ಮೆಲ್ಲಗೆ ಕೈಯಾಡಿಸಿದಳು.

"ಧೊಂಡ್ಯಾ," ಅಂದಳು, ಮನೆಯಲ್ಲಿ ಮಗನಿಗೆ ಹೇಳುವ ಹಾಗೆ, "ಜರಾ ಆಚಿ ಸರಿಯೋ. ನಿನ್ ಹೇಣ್ತಿ ಕುಂದರ್ತಾಳ."

ಸಖುಬಾಯಿಯ ಕೈ ನೆಲವನ್ನು ಬಿಟ್ಟಿತು. ನಾವು ಎತ್ತಿ ಕೂಡಿಸಿದೆವು. ಅತ್ತೆ ಈ ಕಡೆ, ಸೊಸೆ ನಡುವೆ, ಆ ಕಡೆ ಒಬ್ಬರು ಕೂಡುವಷ್ಟು ಜಾಗ. ಅಲ್ಲಿ ಕೂಡಲು ನನಗೆ ಧೈರ್ಯ ಬರಲಿಲ್ಲ. ಬೀದರ ಬರುವವರೆಗೆ ಹೊರಗಿನ ಪಾವಟಿಗೆಯ ಮೇಲೆ, ಬಾಗಿಲು ಹಿಡಿದು ನಿಂತೇ ಬಂದೆ.