ಐದು ಕೋಟ್ ಬಿಳಿಯ ಕೆಳಗೆ

ಓದುವ ಕೋಣೆಗೆ ಕಂದು ಬಣ್ಣವೇ ಆಗಬೇಕೆಂದು ಪಟ್ಟು ಹಿಡಿದವರು ಮೇಷ್ಟ್ರು. ಕಾಲೇಜಿನಲ್ಲಿ ಇತಿಹಾಸ ಹೇಳುವ ಅವರಿಗೆ ಐವತ್ತು ಸಮೀಪಿಸಿತ್ತು. ಮದುವೆಯ ಗೋಜಿಗೆ ಹೋಗದೆ, ಅಪ್ಪ ಕಟ್ಟಿಸಿದ ಮನೆಯಲ್ಲಿ ಅಕ್ಕನ ಜೊತೆಗಿದ್ದರು. ಮನೆಯ ಮೂಲೆಯ ಕೋಣೆ ಎಷ್ಟೋ ವರ್ಷಗಳಿಂದ ಟ್ರಂಕು, ಮುರಿದ ಕುರ್ಚಿಗಳ ಪಾಲಾಗಿತ್ತು. ಅದನ್ನು ಸರಿಮಾಡಿಕೊಡಲು ಅವರು ಒಬ್ಬ ವಿನ್ಯಾಸಕಿಯನ್ನು ಕರೆಸಿದರು. ಹಳೇ ಲೈಬ್ರರಿಯೊಳಗೆ ಕಾಲಿಟ್ಟ ಹಾಗಿರಬೇಕು, ಸ್ವಲ್ಪ ಮಬ್ಬು, ಸ್ವಲ್ಪ ಗಂಭೀರ ಎಂದರು.

ಕಂಡವರ ಗೋಡೆಗೆಲ್ಲ ಹಾಲು, ಕೆನೆ, ಬೂದಿ ಬಣ್ಣ ಬಳಿಸಿ ಬೇಸತ್ತಿದ್ದ ವಿನ್ಯಾಸಕಿಗೆ ಹೋದ ಜೀವ ಬಂದಂತಾಯಿತು. ದುಡ್ಡು ಕೊಟ್ಟು ಗೋಡೆಗೆ ಕೊಳೆ ಹತ್ತಿಸಿಕೊಳ್ಳುವವರನ್ನು ಇದೇ ಮೊದಲ ಸಲ ಕಂಡೆ ಎಂದು ಅವಳ ಪೇಂಟರ್ ನಕ್ಕ. ಕಪಾಟಿಗೆ ಅಕ್ರೂಟ್ ಮರದ ಕಂದು, ಪರದೆಗೆ ಹೊಗೆಸೊಪ್ಪಿನದು, ಕುರ್ಚಿಗೆ ಹಳೆಯ ಚರ್ಮದ್ದು ಸುಲಭವಾಗಿ ಸಿಕ್ಕವು. ಗೋಡೆಗೆ ಮಾತ್ರ ಕ್ಯಾಟಲಾಗಿನ ಯಾವುದೂ ಒಪ್ಪಲಿಲ್ಲ. ಮೂರು ದಿನ ಡಬ್ಬಗಳ ಮುಂದೆ ಕೂತು, ಕಪ್ಪು ಒಂದು ಹನಿ, ಕೆಂಪು ಅರ್ಧ ಹನಿ ಎಂದು ತಾನೇ ಬೆರೆಸಿದಳು. ನಾಲ್ಕನೆಯ ದಿನ ರಟ್ಟಿನ ಮೇಲೆ ಒಣಗಿದ ಬಣ್ಣ ಕಂಡು ಬ್ರಷ್ ಕೆಳಗಿಟ್ಟಳು. ಇದೇ ಎನಿಸಿತು. ಯಾಕೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಮೇಷ್ಟ್ರು ಆ ರಟ್ಟನ್ನು ತುಂಬ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದರು. ಅಕ್ಕ ಒಮ್ಮೆ ನೋಡಿ, ಒಲೆಯ ಮೇಲೆ ಏನೋ ಇಟ್ಟದ್ದು ನೆನಪಾದವರಂತೆ ಎದ್ದು ಹೋದರು.

ಕೆಲಸ ಶುರುವಾದ ದಿನ ಮಧ್ಯಾಹ್ನಕ್ಕೂ ಮೊದಲೇ ಪೇಂಟರ್ ಫೋನ್ ಮಾಡಿದ.

"ಮೇಡಂ, ನಾನಿನ್ನೂ ಡಬ್ಬ ತೆರೆದಿಲ್ಲ. ನಿಮ್ಮ ಬಣ್ಣ ಆಗಲೇ ಗೋಡೆ ಮೇಲಿದೆ."

ಓಡೋಡಿ ಬಂದು ನೋಡಿದಳು. ಬಿಳಿ ಹೆರೆದಿದ್ದ ಜಾಗದಲ್ಲಿ ಅಂಗೈಯಗಲ ಕಂದು ಕಾಣುತ್ತಿತ್ತು. ಪೇಂಟರ್ ಅವಳ ರಟ್ಟನ್ನು ಅದಕ್ಕೆ ಒತ್ತಿ ಹಿಡಿದ. ಅಂಚಿನ ನೆರಳೊಂದು ಇಲ್ಲದಿದ್ದರೆ ರಟ್ಟು ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ. ಮೂವತ್ತು ವರ್ಷ ಬ್ರಷ್ ಹಿಡಿದವನು ಹೊರಗೆ ಹೋಗಿ ಕೂತ.

ಬಾಗಿಲಲ್ಲಿ ಅಕ್ಕ ನಿಂತಿದ್ದರು. ಮೇಷ್ಟ್ರು ಕಾಲೇಜಿನಿಂದ ಬಂದಿರಲಿಲ್ಲ. ಒಳಗೆ ಬಾರದೆ, ನೆರೆಮನೆಯವರ ಸುದ್ದಿ ಹೇಳುವಷ್ಟು ತಣ್ಣಗೆ ಅಕ್ಕ ಹೇಳಿದರು. ಅದು ಅಪ್ಪನ ಕೋಣೆ. ಅಪ್ಪ ಅಲ್ಲಿ ಕೂತು ನಿಘಂಟು ಬರೆಯುತ್ತಿದ್ದರು. ಮಗಳು ಬಾಗಿಲು ತಟ್ಟಿ ಒಳಗೆ ಬಂದು ದಿನಕ್ಕೆ ಇಪ್ಪತ್ತು ಪದ ಒಪ್ಪಿಸಬೇಕು. ಒಂದು ತಪ್ಪಿದರೂ ಗೋಡೆಗೆ ಮುಖ ಮಾಡಿ ಸಂಜೆಯವರೆಗೆ ನಿಲ್ಲಬೇಕು. ನಿಂತಲ್ಲೇ ಬಟ್ಟೆ ಒದ್ದೆಯಾದದ್ದೂ ಉಂಟು. ಅಪ್ಪ ಸತ್ತಾಗ ತಮಗೆ ಹದಿನಾಲ್ಕು, ತಮ್ಮನಿಗೆ ಎರಡು. ಅದೇ ವಾರ ಅಮ್ಮನೂ ತಾವೂ ಸೇರಿ ಬಿಳಿ ಬಳಿದರು. ಒಂದು ಕೋಟ್‌ಗೆ ಕಂದು ಇಣುಕಿತು, ಎರಡಕ್ಕೂ ಇಣುಕಿತು. ಐದನೆಯದಕ್ಕೆ ಅಡಗಿತು.

"ಈ ಬಣ್ಣ ನನಗೆ ಯಾರೂ ತೋರಿಸಿಲ್ಲ, ಅಕ್ಕ."

"ಗೊತ್ತು. ತೋರಿಸೋಕೆ ನಾನೊಬ್ಬಳೇ ಉಳಿದಿರೋದು."

ಬಣ್ಣ ಬದಲಿಸುತ್ತೇನೆ, ಮೇಷ್ಟ್ರನ್ನು ಒಪ್ಪಿಸುವ ಹೊಣೆ ನನ್ನದು ಎಂದು ವಿನ್ಯಾಸಕಿ ಅಂಗಲಾಚಿದಳು. ಅಕ್ಕ ಬೇಡವೆಂದು ತಲೆಯಾಡಿಸಿದರು. ತಮ್ಮನಿಗೆ ಅಮ್ಮನೂ ತಾವೂ ಬೇರೆಯೇ ಅಪ್ಪನನ್ನು ಕಟ್ಟಿಕೊಟ್ಟಿದ್ದರು. ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಪದಗಳ ಆಟವಾಡುತ್ತಿದ್ದ ಅಪ್ಪನನ್ನು.

"ಈಗ ಬೇಡ ಅಂದ್ರೆ ಯಾಕೆ ಅಂತ ಕೇಳ್ತಾನೆ. ಏನು ಹೇಳ್ಲಿ? ಬಳಿದುಬಿಡಿ."

ಬಳಿದರು. ಒಂದೇ ಕೋಟ್ ಸಾಕಾಯಿತು.

ತಿಂಗಳ ಮೇಲೆ ಕೋಣೆಯ ಫೋಟೊ ತೆಗೆಯಲು ವಿನ್ಯಾಸಕಿ ಮತ್ತೆ ಹೋದಳು. ಚರ್ಮದ ಕುರ್ಚಿಯಲ್ಲಿ ಕೂತರೆ ಅಪ್ಪ ಬೆನ್ನ ಹಿಂದೆ ನಿಂತ ಹಾಗಾಗುತ್ತದೆ ಎಂದು ಮೇಷ್ಟ್ರು ಕಣ್ಣು ತುಂಬಿಕೊಂಡು ಹೇಳಿದರು. ಆಮೇಲೆ ಫೋನ್ ಬಂದು ಅಂಗಳಕ್ಕೆ ಹೋದರು.

ಅಷ್ಟರಲ್ಲಿ ಅಕ್ಕ ಚಹಾ ತಂದರು. ಹಾರುಹೊಡೆದಿದ್ದ ಬಾಗಿಲನ್ನು ಬೆರಳಿನಿಂದ ಎರಡು ಸಲ ತಟ್ಟಿ ನಿಂತರು.

"ಬನ್ನಿ ಅಕ್ಕ, ನಾನೊಬ್ಬಳೇ ಇರೋದು."

ಅಕ್ಕ ಅವಳತ್ತ ನೋಡಲಿಲ್ಲ. ಖಾಲಿ ಕುರ್ಚಿಯ ಕಡೆಗೆ ನೋಡುತ್ತ, ಹೂಂ ಎಂಬ ಮಾತಿಗೆ ಕಾಯುವವರಂತೆ ನಿಂತೇ ಇದ್ದರು.

ವಿನ್ಯಾಸಕಿ ಕ್ಯಾಮೆರಾ ಚೀಲಕ್ಕೆ ಹಾಕಿ ಹೊರಗೆ ಬಂದಳು. ಚಹಾದ ತಟ್ಟೆಯನ್ನು ಅವರ ಕೈಯಿಂದ ತೆಗೆದುಕೊಂಡಳು. ಇಬ್ಬರೂ ಪಡಸಾಲೆಯಲ್ಲೇ ನಿಂತು ಚಹಾ ಕುಡಿದರು.