ಹಗ್ಗದ ಮನೆಯ ಹೆಸರು

ನಮ್ಮ ಕಾಲ್ಟೆನ್‌ಮಾರ್ಕ್ಟ್ ಪೇಟೆಯಲ್ಲಿ ಹೆಸರಿರುವುದು ಮನುಷ್ಯರಿಗಲ್ಲ, ಮನೆಗಳಿಗೆ. ಉಪ್ಪಿನ ಮನೆ, ಗಂಟೆಯ ಮನೆ, ಮೇಣದ ಮನೆ, ಹಗ್ಗದ ಮನೆ. ಉಪ್ಪಿನ ಗಾಡಿಗಳು ಬೆಟ್ಟ ದಾಟಿ ಬರುತ್ತಿದ್ದ ಕಾಲದಲ್ಲಿ ಯಾವನೋ ಬಿಷಪ್ಪು ಇಲ್ಲಿ ಸಂತೆ ನಡೆಸಿಕೊಳ್ಳಿ ಎಂದು ಅಪ್ಪಣೆ ಕೊಟ್ಟನಂತೆ. ಆಮೇಲೆ ಊರು ಎರಡು ಸಲ ಸುಟ್ಟುಹೋಯಿತು, ಒಮ್ಮೆ ಬೆಟ್ಟ ಕುಸಿದು ಅರ್ಧ ಹೂತುಹೋಯಿತು. ಕೊನೆಗೆ ಸುರಂಗ ಕೊರೆದು ದೊಡ್ಡ ರಸ್ತೆ ಮಾಡಿದರು, ವ್ಯಾಪಾರವೆಲ್ಲ ನಮ್ಮ ಕಾಲ ಕೆಳಗಿನಿಂದಲೇ ಆಚೆ ಹೋಯಿತು. ಉಪ್ಪಿನ ಮನೆಯಲ್ಲಿ ಈಗ ಇರುವುದು ಮಾಂಸದಂಗಡಿ, ಹಗ್ಗದ ಮನೆಯಲ್ಲಿ ಹಗ್ಗ ಹೊಸೆದವರ ಮುಖ ನೋಡಿದವರೂ ಉಳಿದಿಲ್ಲ. ಹೆಸರು ಮಾತ್ರ ಗೋಡೆ ಬಿಟ್ಟು ಕದಲಿಲ್ಲ. ಮನೆ ಕೊಂಡವರಿಗೆ ಹೆಸರೂ ಬರುತ್ತದೆ, ಮಾರಿದವರಿಂದ ಹೋಗುತ್ತದೆ.

ನಾನು ಹಗ್ಗದ ಮನೆಗೆ ಸೊಸೆಯಾಗಿ ಬಂದವಳು. ಮದುವೆಯ ಮಾರನೆಯ ಬೆಳಿಗ್ಗೆ ಹಾಲಿಗೆ ಹೋದರೆ, "ಏನು ಹಗ್ಗದಮ್ಮಾ, ರಾತ್ರಿ ನಿದ್ದೆ ಆಯ್ತಾ?" ಎಂದು ಅಲ್ಲಿದ್ದ ಹೆಂಗಸರು ನಕ್ಕರು. ಅವತ್ತಿನಿಂದ ನಾನು ಹಗ್ಗದಮ್ಮ. ಗಂಡ ಕಸ್ಸಿಯನ್ ಕೂಡ ಹಾಗೆಯೇ ಕರೆದ, ಮೊದಲು ತಮಾಷೆಗೆ, ಆಮೇಲೆ ಅಭ್ಯಾಸಕ್ಕೆ. ಅವನು ಹೋದ ಮೇಲೆ ಆ ಮೂರಂತಸ್ತಿನ ಮನೆ, ಆ ಕಡಿದಾದ ಮೆಟ್ಟಿಲು, ಚಳಿಗಾಲವಿಡೀ ಸೌದೆ ಹೊರುವುದು, ಎಲ್ಲ ನನ್ನೊಬ್ಬಳ ತಲೆಗೆ ಬಿತ್ತು. ಮಂಡಿ ಸವೆಯಿತು. ಮಕ್ಕಳಿಲ್ಲ, ಮರಿಯಿಲ್ಲ, ಯಾರಿಗಾಗಿ ಹೊರಬೇಕು? ಸಾಕಪ್ಪಾ ಸಾಕು ಎನ್ನಿಸಿ ಮಾರಿದೆ. ಸೇತುವೆಯಾಚೆ ಲಿಫ್ಟ್ ಇರುವ ಕಟ್ಟಡದಲ್ಲಿ ಎರಡು ಕೋಣೆ ಹಿಡಿದೆ.

ಕೊಂಡವಳು ಸಾದೆತಾ. ಯುದ್ಧದ ಕಾಲದಲ್ಲಿ ಬೋಸ್ನಿಯಾದಿಂದ ಓಡಿಬಂದ ಮುಸ್ಲಿಂ ಹೆಂಗಸು, ಹೋಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲೇ ಪ್ರಾಯ ಕಳೆದವಳು. ಅವಳ ಗಂಡ ಮಿರ್ಸಾದ್ ಶಾಲೆಯ ಬಸ್ಸು ಓಡಿಸುತ್ತಾನೆ, ಊರಿನ ಮಕ್ಕಳೆಲ್ಲ ಅವನ ಬಸ್ಸಿನಲ್ಲೇ ದೊಡ್ಡವರಾದರು. ಆದರೂ ಊರಿನ ಬಾಯಲ್ಲಿ ಅವಳು ಇವತ್ತಿಗೂ 'ಆ ಬೋಸ್ನಿಯಾದವಳು'.

ಬೀಗದಕೈ ಕೊಟ್ಟ ದಿನ ಅವಳು ಮನೆಯ ಬಗ್ಗೆ ಏನೂ ಕೇಳಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತು, "ಅಕ್ಕಾ, ಇನ್ಮೇಲೆ ನನ್ನನ್ನ ಹಗ್ಗದಮ್ಮ ಅಂತಾರಾ?" ಎಂದಳು.

"ಅನ್ನಲೇಬೇಕು. ಮಿಕೇಲನ ಸಂತೆ ದಿನ ಕೂಗಿದಾಗ ಓ ಅಂದುಬಿಡು. ಆಮೇಲೆ ಯಾರಪ್ಪನ ಕೈಲೂ ತಪ್ಪಿಸಕ್ಕಾಗಲ್ಲ."

ಸಂತ ಮಿಕೇಲನ ಸಂತೆಗೆ ದನಗಳು ಬೇಸಿಗೆಯ ಹುಲ್ಲುಗಾವಲಿನಿಂದ ಕೆಳಗಿಳಿಯುತ್ತವೆ. ಅವತ್ತು ಡಂಗುರದ ಮುದುಕ ಕೊರ್ಬಿನಿಯನ್ ಕಾರಂಜಿಯ ಕಟ್ಟೆ ಹತ್ತಿ ಒಂದೊಂದೇ ಮನೆಯ ಹೆಸರು ಕೂಗುತ್ತಾನೆ. ಆ ಮನೆಯವರು ಬಾಗಿಲಲ್ಲಿ ನಿಂತು ಓ ಎನ್ನಬೇಕು. ಓ ಎಂದ ಮೇಲೆ ಮೇಜು ಹೊರಗಿಟ್ಟು ದನ ಕಾಯುವವರಿಗೆ ಬಾರ್ಲಿ ಗಂಜಿ ಬಡಿಸುವುದು. ಮನೆಗಳ ಮುಂದೆ ಹರಿಯುವ ಸಣ್ಣ ಕಾಲುವೆಯ ಈಚೆ, ಬಾಗಿಲ ಬದಿ ನಿಂತವರ ಓ ಮಾತ್ರ ಲೆಕ್ಕಕ್ಕೆ, ಆಚೆಯವರು ಹೊರಗಿನವರು, ಕೂಗು ನಡೆಯುವಾಗ ದಾಟಿ ಹೋದವರೂ ಸೇರಿ. ಮನೆ ಕೈ ಬದಲಾದ ವರ್ಷ ಹೊಸಬರು ಓ ಎನ್ನದಿದ್ದರೆ ಅದು ಮೂಕ ಮನೆ. ಮೇಣದ ಮನೆ ಕೊಂಡ ಮ್ಯೂನಿಕ್‌ನ ಡಾಕ್ಟರು ಅವತ್ತು ಮಲಗಿ ನಿದ್ದೆ ಹೊಡೆದ. ಇವತ್ತಿಗೂ ಅವನಿಗೆ ನಮಸ್ಕಾರ ಎನ್ನುವವರಿಲ್ಲ. ಅವನಿಗೇನು, ಬೇಕಾದಾಗ ಮ್ಯೂನಿಕ್‌ಗೆ ಹೋಗುತ್ತಾನೆ. ಸಾದೆತಾ ಎಲ್ಲಿಗೆ ಹೋಗಬೇಕು?

ಸಂತೆಗೆ ಮುಂಚೆ ಉಪ್ಪಿನ ಮನೆಯ ವಿಗಿಲ್ ನನ್ನ ಹೊಸ ಬಿಡಾರಕ್ಕೆ ಬಂದ. ಹಗ್ಗದ ಮನೆಗೂ ಅವನ ಮನೆಗೂ ಒಂದೇ ಗೋಡೆ. ಇಷ್ಟು ವರ್ಷ ಅವನ ಕೆಮ್ಮು ಕೇಳಿ ನಾನು ಎದ್ದಿದ್ದೇನೆ, ನನ್ನ ಪಾತ್ರೆ ಸದ್ದು ಕೇಳಿ ಅವನು ಎದ್ದಿದ್ದಾನೆ.

"ಹಗ್ಗದಮ್ಮಾ, ಮನೆ ಮಾರಿದ್ರಿ, ಸರಿ. ಹೆಸರನ್ನೂ ಮಾರ್ತೀರಾ?"

"ಮಾರಲಿಲ್ಲ ಮಾರಾಯ. ಬಿಟ್ಟಿ ಹೋಯ್ತು."

"ತಮಾಷೆ ಸಾಕು. ಅವತ್ತು ನೀವೇ ಬಾಗಿಲಲ್ಲಿ ನಿಂತು ಓ ಅನ್ನಿ. ನೀವಿರೋವರೆಗೂ ನೀವೇ ಹಗ್ಗದಮ್ಮ. ಅವಳು ಗಂಜಿಗೆ ಹಂದಿ ಮಾಂಸಾನೂ ಹಾಕಲ್ಲವಂತೆ. ದನ ಕಾಯೋರು ದನದ ಜೊತೆ ಹುಲ್ಲು ಮೇಯಬೇಕಾ?"

"ನಿನ್ನ ಅಂಗಡಿ ಮಾಂಸ ಖರ್ಚಾಗಲ್ಲ ಅನ್ನೋ ಸಂಕಟ ನಿಂಗೆ."

"ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಹೆಸರು ಹೋದ ಮೇಲೆ ನಿಮ್ಮನ್ನ ಯಾರು ಮೂಸ್ತಾರೆ?"

ಎದ್ದು ಹೋಗಿ ಬಾಗಿಲು ತೆರೆದು ಹಿಡಿದೆ. ಜಗಳಕ್ಕೂ ತ್ರಾಣ ಬೇಕು. ಸುಳ್ಳೇಕೆ ಹೇಳಲಿ, ಮನೆ ಮಾರಿದ ಮೇಲೂ ಜನ ಹಗ್ಗದಮ್ಮಾ ಎಂದು ಕರೆದಾಗ ಹಿತವಾಗುತ್ತಿತ್ತು. ಬ್ರೆಡ್ಡಿನ ಅಂಗಡಿಯಲ್ಲಿ, ಇಗರ್ಜಿಯ ಬಾಗಿಲಲ್ಲಿ, ಮೊದಲಿಗಿಂತ ಜೋರಾಗಿಯೇ ಕರೆಯುತ್ತಿದ್ದರು. ಅದು ನನ್ನ ಮೇಲಿನ ಪ್ರೀತಿಯಲ್ಲ, ಸಾದೆತಾ ಕಿವಿಗೆ ಬೀಳಲಿ ಎಂದು ಕರೆಯುವುದು ಎಂದು ತಿಳಿಯಲು ನನಗೆ ಸ್ವಲ್ಪ ಕಾಲ ಹಿಡಿಯಿತು.

ಸಂತೆಯ ಬೆಳಿಗ್ಗೆ ಸಾದೆತಾ ಇಸ್ತ್ರಿ ಮಾಡಿದ ಏಪ್ರನ್ ಕಟ್ಟಿ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಗಂಜಿ ಕುದಿಯುತ್ತಿತ್ತು, ಕುರಿ ಮಾಂಸ ಹಾಕಿದ್ದಳು.

"ಪಕ್ಕದಲ್ಲೇ ನಿಂತ್ಕೊಳ್ಳಿ ಅಕ್ಕಾ. ಒಬ್ಬಳೇ ಆದ್ರೆ ಹೆದರಿಕೆ," ಎಂದಳು.

ನಿಂತೆ. ಇಷ್ಟು ವರ್ಷ ಕೇಳಿದ ದನದ ಗಂಟೆಗಳು ಕೂಡ ಅವತ್ತು ತಲೆನೋವು ತಂದವು. ಕೊರ್ಬಿನಿಯನ್ ಕಟ್ಟೆ ಹತ್ತಿದ. "ಉಪ್ಪಿನ ಮನೆ!" ಎಂದ. ವಿಗಿಲ್ ಓ ಎಂದ. "ಹಗ್ಗದ ಮನೆ!"

"ಓ," ಎಂದೆ ನಾನು.

ದೇವರಾಣೆ, ಬೇಕೆಂದು ಅಂದದ್ದಲ್ಲ. ಮದುವೆಯಾದಂದಿನಿಂದ ವರ್ಷವೂ ಅದೇ ಕೂಗಿಗೆ ಅದೇ ಹೊಸ್ತಿಲಲ್ಲಿ ನಿಂತು ಓ ಎಂದ ಬಾಯಿ, ನನ್ನನ್ನು ಕೇಳದೆ ತೆರೆದುಕೊಂಡಿತು. ವಿಗಿಲ್ ಚಪ್ಪಾಳೆ ತಟ್ಟಿದ. ಒಂದಿಬ್ಬರು ನಕ್ಕರು.

ಸಾದೆತಾ ಏಪ್ರನ್ನಿಗೆ ಕೈ ಒರೆಸಿಕೊಂಡು, "ಪರವಾಗಿಲ್ಲ ಅಕ್ಕಾ," ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಊರಿಗೆ ಬಂದಾಗಿನಿಂದ ಆ ಹೆಂಗಸು ಪರವಾಗಿಲ್ಲ ಎನ್ನುತ್ತಲೇ ಇದ್ದಾಳೆ. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

"ಕೊರ್ಬಿನಿಯನ್, ನಿಲ್ಲು. ಬಾಯಿ ತಪ್ಪಿ ಬಂತು. ಮತ್ತೆ ಕೂಗು."

"ಒಂದ್ಸಲ ಓ ಅಂದ್ಮೇಲೆ ಮುಗೀತು ಹಗ್ಗದಮ್ಮಾ. ವಾಪಸ್ ಇಸ್ಕೊಳ್ಳೋಕೆ ಅದೇನು ಛತ್ರೀನಾ?"

ಇವನ ಜೊತೆ ವಾದ ಮಾಡಿ ಗೆದ್ದವರಿಲ್ಲ. ನಾನು ಮೆಟ್ಟಿಲಿಳಿದು ಕಾಲುವೆಯ ಅಂಚಿಗೆ ಹೋದೆ. ದಾಟಲು ಇಟ್ಟಿದ್ದ ಹಲಗೆಯನ್ನು ಯಾರೋ ತಮ್ಮ ಅಂಗಡಿಗೆ ಒಯ್ದಿದ್ದರು. ಸಾದೆತಾ ಓಡಿಬಂದು ತೋಳು ಹಿಡಿದಳು.

"ಬಿಡು, ನಿನ್ನ ಬಾಗಿಲಿಗೆ ಹೋಗು," ಎಂದೆ.

"ಅಲ್ಲಿಗೆ ಹೋದ್ರೆ ಮತ್ತೆ ಈಚೆಗೆ ಜಾಗ ಇಲ್ಲ, ಗೊತ್ತಲ್ಲ?" ವಿಗಿಲ್ ಕೂಗಿದ. ಅವನ ದನಿಯಲ್ಲಿ ಕೊಂಕು ಇರಲಿಲ್ಲ, ಹೆದರಿದ್ದ.

"ಗೊತ್ತು ಮಾರಾಯ."

ಒಂದು ಕಾಲು ದಾಟಿತು, ಮಂಡಿ ಮಡಿಸಲಾಗದೆ ಇನ್ನೊಂದು ನೀರಿಗೆ ಬಿತ್ತು. ಹಿಮ ಕರಗಿ ಬಂದ ನೀರು, ಮೂಳೆಯವರೆಗೂ ಕೊರೆಯಿತು. ದನ ಕಾಯುವವನೊಬ್ಬ ಕೈ ಕೊಟ್ಟು ಮೇಲೆತ್ತಿದ. ಆಚೆ ದಡದಲ್ಲಿ ಪ್ರವಾಸಿಗಳು, ಚೀಸ್ ಮಾರುವವರು, ದನಗಳ ನಡುವೆ ನಿಂತು ಕೇಳಿದೆ:

"ಈಗ ಹೇಳು. ಆಚೆ ನಿಂತವರ ಓ ನಡೆಯುತ್ತಾ?"

ಕೊರ್ಬಿನಿಯನ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಅವನಿಗೆ ಊರಿಗಿಂತ ಕಟ್ಟಳೆ ದೊಡ್ಡದು. "ನಡೆಯಲ್ಲ," ಎಂದ. ಟೋಪಿ ಹಾಕಿಕೊಂಡು ಮತ್ತೆ ಕೂಗಿದ. "ಹಗ್ಗದ ಮನೆ!"

 ಸಾದೆತಾ ಬಾಗಿಲಿಗೆ ಮರಳಿ ನಿಂತು, ಒಂದು ಸಲ ಬಾಯಿ ತೆರೆದು ಮುಚ್ಚಿದಳು. ಆಮೇಲೆ ಎಷ್ಟು ಜೋರಾಗಿ ಓ ಎಂದಳೆಂದರೆ ಪಕ್ಕದ ಹಸುವೊಂದು ಬೆದರಿ ಹಗ್ಗ ಜಗ್ಗಿತು. ಈ ಸಲ ಜನ ನಕ್ಕ ನಗು ಬೇರೆ ಥರದ್ದು. ಮಿರ್ಸಾದ್ ಮೇಜು ಹೊತ್ತು ತಂದ. ದನ ಕಾಯುವವರು ಗಂಜಿಯನ್ನು ಮೂಸಿ ನೋಡಿದರು, ಉಂಡರು, ಇನ್ನಷ್ಟು ಕೇಳಿದರು. "ಹಗ್ಗದಮ್ಮಾ, ಇಲ್ಲೊಂದು ಸೌಟು!" ಎಂದು ಯಾರೋ ಕೂಗಿದರು. ನಾನು ತಿರುಗಿ ನೋಡಿದೆ. ನನ್ನನ್ನಲ್ಲ.

ಹೊಟ್ಟೆ ಉರಿಯಿತು. ನಾನೇ ಬಿಟ್ಟುಕೊಟ್ಟದ್ದು, ಆದರೂ ಉರಿಯಿತು.

ಕೂಗು ಮುಗಿದ ಮೇಲೆ ವಿಗಿಲ್ ಒಂದು ಕುರ್ಚಿ ಹಿಡಿದು, ಕಾಲುವೆ ದಾಟಿ ಬಂದ. ಕುರ್ಚಿ ಹಾಕಿ, ತನ್ನ ಹೆಂಡತಿಯ ಉಣ್ಣೆಯ ಕಾಲುಚೀಲ ನನ್ನ ಮಡಿಲಿಗಿಟ್ಟ.

"ಕಾಲು ಒದ್ದೆಯಾಗಿದೆ. ಕೂತ್ಕೊಳ್ಳಿ..." ಎಂದವನು ಏನೆಂದು ಕರೆಯುವುದು ತಿಳಿಯದೆ ತಡವರಿಸಿದ. ಕುತ್ತಿಗೆಯವರೆಗೂ ಕೆಂಪಾದ. "ತಪ್ಪು ತಿಳ್ಕೋಬೇಡಿ. ನಿಮ್ಮ ಹೆಸರೇನು?"

ಅಣಕವಲ್ಲ. ಗೋಡೆಗೆ ಗೋಡೆ ತಾಗಿ ಬದುಕಿದ ಮನುಷ್ಯನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಕಸ್ಸಿಯನ್ ಸಾಯುವಾಗ ನೀರು ಕೇಳಿದ್ದು ಕೂಡ ಹಗ್ಗದಮ್ಮನನ್ನೇ. ಬಾಯಿ ತೆರೆದೆ. ಎಲ್ಲೋ ಇಟ್ಟು ಮರೆತ ಕನ್ನಡಕವನ್ನು ಹುಡುಕಿದಂತೆ ಹುಡುಕಬೇಕಾಯಿತು.

"ವಾಲ್ಬುರ್ಗ," ಎಂದೆ.

ಅಷ್ಟರಲ್ಲಿ ವಾದ್ಯದವರು ಶುರುಮಾಡಿದ್ದರು, ಅವನಿಗೆ ಕೇಳಿಸಲಿಲ್ಲ. ಬಗ್ಗಿ ಕಿವಿ ಕೊಟ್ಟ. ಇನ್ನೊಂದು ಸಲ ಹೇಳಬೇಕಾಯಿತು.